ರೀಲು ಮುಗಿಸಲು ತೆಗೆದ ಫೋಟೋಗಳು

2005ರ ಜುಲೈ 26ರ ಮಳೆ ಎಂದರೆ ಮುಂಬಯಿಯ ಹೊರಗಿನವರಿಗೆ ನೆನಪಾಗುವುದು ಮೀಠಿ ನದಿ. ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ 944 ಮಿಲಿಮೀಟರ್ ಮಳೆ ಸುರಿದ ದಿನ ಅದು. ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು ಅದರ ಹತ್ತನೆಯ ಒಂದು ಪಾಲಿಗೂ ಕಡಿಮೆ. ಉಕ್ಕಿದ್ದು ಮೀಠಿಯೊಂದೇ ಅಲ್ಲ. ಓಶಿವರಾ, ಪೊಯ್ಸರ್, ದಹಿಸರ್ ನದಿಗಳೂ ದಡ ಮೀರಿದವು. ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ, ತುಳಸಿ ಕೆರೆಯ ಬಳಿ ಹುಟ್ಟುವ ದಹಿಸರ್ ನದಿ ಬೇಸಿಗೆಯಲ್ಲಿ ನೋಡಿದವರಿಗೆ ಬರೀ ನಾಲೆಯಂತೆ ಕಾಣುತ್ತದೆ. ಆ ದಿನ ಅದು ದಂಡೆಯ ಚಾಳುಗಳಿಗೂ ನೆಲಮಹಡಿಯ ಮನೆಗಳಿಗೂ ನುಗ್ಗಿತು.

ಮನೆಯೊಳಗೆ ಬಂದ ನೀರು ಮೊದಲು ಸೇರುವುದು ಮಂಚದ ಅಡಿಗೆ, ಕಪಾಟಿನ ಕೆಳಗಿನ ಅರೆಗೆ. ದಿನಾ ಬೇಕಾಗದ, ಆದರೆ ಬಿಸಾಡಲೂ ಆಗದ ವಸ್ತುಗಳನ್ನು ಮುಂಬಯಿಯ ಸಣ್ಣ ಮನೆಗಳು ಇಡುವುದು ಅಲ್ಲಿಯೇ: ಹಳೆಯ ಕಂಬಳಿ, ತಾಮ್ರದ ಹಂಡೆ, ಮದುವೆಯ ಆಲ್ಬಮ್ಮು. ಫೋಟೋ ಕಾಗದದ ಮೇಲೆ ಬಿಂಬವನ್ನು ಹಿಡಿದಿಡುವುದು ಜಿಲೆಟಿನ್ ಎಂಬ ತೆಳ್ಳನೆಯ ಅಂಟು. ನೀರು ಕುಡಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಒಣಗುವಾಗ ಎದುರಿಗೆ ಏನಿದೆಯೋ ಅದಕ್ಕೆ ಅಂಟಿಕೊಳ್ಳುತ್ತದೆ. ಒದ್ದೆಯಾದ ಫೋಟೋಗಳನ್ನು ಶುದ್ಧವಾದ ತಣ್ಣೀರಿನಲ್ಲೇ ಇಟ್ಟು ಮೆಲ್ಲಗೆ ಬಿಡಿಸಿ, ಒಂದೊಂದಾಗಿ ಮುಖ ಮೇಲಾಗಿ ಒಣಗಿಸಿದರೆ ಹಲವು ಉಳಿಯುತ್ತವೆ. ಆದರೆ ನೆರೆ ಇಳಿದ ಮನೆಯಲ್ಲಿ ಶುದ್ಧ ನೀರು ಎಲ್ಲಿಂದ ಬರಬೇಕು? ನೆನೆದದ್ದನ್ನೆಲ್ಲ ಬಿಸಿಲಿಗೆ ಹಾಕುವುದೇ ಸಹಜ ಬುದ್ಧಿ. ಅಕ್ಕಿಗೂ ಹಾಸಿಗೆಗೂ ಸರಿಯಾದ ಆ ಬುದ್ಧಿ ಫೋಟೋಕ್ಕೆ ಸರಿಯಲ್ಲ. ಅಂಟಿಕೊಂಡ ಪುಟವನ್ನು ಎಳೆದರೆ ಮುಖವೆಲ್ಲ ಪ್ಲಾಸ್ಟಿಕ್ಕಿನ ಕಡೆ ಹೋಗಿ, ಆಲ್ಬಮ್ಮಿನಲ್ಲಿ ಬಿಳಿಯ ಕಾಗದವಷ್ಟೇ ಉಳಿಯುತ್ತದೆ.

ಹೀಗೆ ಹೋದವುಗಳಲ್ಲಿ ಎರಡು ಬಗೆ. ಮದುವೆ, ಉಪನಯನ, ನಾಮಕರಣ, ಗೃಹಪ್ರವೇಶದ ಫೋಟೋಗಳಿಗೆ ಪ್ರತಿಗಳಿದ್ದವು. ಮದುವೆಯ ಒಂದು ಪ್ರತಿ ಕುಂದಾಪುರದ ಅತ್ತೆಯ ಮನೆಯಲ್ಲಿ, ಇನ್ನೊಂದು ವಿಜಯಪುರದ ಕಾಕಾನ ಗೋಡೆಯ ಮೇಲೆ. ನೆಗೆಟಿವ್ ಸ್ಟುಡಿಯೋದವನ ಬಳಿ. ತಡವಾಗಿಯಾದರೂ ಅವನ್ನು ಮತ್ತೆ ಮಾಡಿಸಿಕೊಳ್ಳಬಹುದು. ಆದರೆ ಅಮ್ಮ ಬಾಗಿಲ ಬಳಿ ಕೂತು ಮೀನು ಕೊಯ್ಯುತ್ತಿರುವುದು, ಅಪ್ಪ ಬನಿಯನ್ನಿನಲ್ಲಿ ಪೇಪರು ಓದುತ್ತಿರುವುದು, ಪಕ್ಕದ ಖೋಲಿಯ ಹುಡುಗಿ ಎರಡು ಜಡೆ ಹಾಕಿಸಿಕೊಳ್ಳುತ್ತಿರುವುದು — ಇಂಥವಕ್ಕೆ ಪ್ರತಿ ಎಲ್ಲಿಯೂ ಇರಲಿಲ್ಲ. ಅವನ್ನು ಇನ್ನೊಬ್ಬರಿಗೆ ಕಳಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ. ನಿಜ ಹೇಳಬೇಕೆಂದರೆ, ತೆಗೆಯಬೇಕೆಂದೇ ತೆಗೆದ ಫೋಟೋಗಳೂ ಅವಲ್ಲ.

ಮುಂಬಯಿಗೆ ಕ್ಯಾಮರಾ ಬಂದದ್ದು ತಡವಾಗಿ ಅಲ್ಲ. 1839ರಲ್ಲಿ ಪ್ಯಾರಿಸಿನಲ್ಲಿ ಡಗೇರನ ವಿಧಾನ ಬಹಿರಂಗವಾಯಿತು. 1854ರ ಹೊತ್ತಿಗೆ ಮುಂಬಯಿಯಲ್ಲಿ ಫೋಟೋಗ್ರಫಿಯ ಸೊಸೈಟಿಯೇ ಇತ್ತು. ಮರುವರ್ಷ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಫೋಟೋ ತೆಗೆಯುವುದನ್ನು ಕಲಿಸುವ ತರಗತಿ ಶುರುವಾಯಿತು. ಅಲ್ಲಿ ಕಲಿತ ಹರಿಶ್ಚಂದ್ರ ಚಿಂತಾಮಣಿ ಮುಂದೆ ನಗರದಲ್ಲಿ ಸ್ವಂತ ಸ್ಟುಡಿಯೋ ನಡೆಸಿದರು. ಕ್ಯಾಮರಾವನ್ನೇ ಜೀವನೋಪಾಯ ಮಾಡಿಕೊಂಡ ಮೊದಲ ಭಾರತೀಯರಲ್ಲಿ ಅವರೊಬ್ಬರು.

ಆ ಕಾಲದ ಮುಂಬಯಿಯ ಜನರನ್ನು ನೋಡಬೇಕೆಂದರೆ ಇವತ್ತಿಗೂ ತೆರೆಯುವ ಪುಸ್ತಕ ವಿಲಿಯಂ ಜಾನ್ಸನ್ನನದು. 1863 ಮತ್ತು 1866ರಲ್ಲಿ ಎರಡು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾದ ಅದು ಮುಂಬಯಿಯ ‘ಜನಾಂಗ’ಗಳನ್ನು ಪಟ್ಟಿಮಾಡುತ್ತದೆ. ಜನರನ್ನು ಒಂದೆಡೆ ನಿಲ್ಲಿಸಿ ತೆಗೆದು, ಬೇರೆಡೆ ತೆಗೆದ ನಗರದ ನೋಟವನ್ನು ಹಿಂದೆ ಜೋಡಿಸಿದ ಚಿತ್ರಗಳು ಅದರಲ್ಲಿವೆ. ಎಂದರೆ, ಆ ಜನ ನಿಂತಂತೆ ಕಾಣುವ ಜಾಗದಲ್ಲಿ ನಿಂತೇ ಇರಲಿಲ್ಲ. ಕೆಳಗೆ ಜಾತಿಯ ಹೆಸರಿದೆ, ಕಸುಬಿನ ಹೆಸರಿದೆ, ಮನುಷ್ಯರ ಹೆಸರಿಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ, 468 ಫೋಟೋಗಳೊಂದಿಗೆ ಬ್ರಿಟಿಷ್ ಸರ್ಕಾರ ಹೊರತಂದ ‘ದಿ ಪೀಪಲ್ ಆಫ್ ಇಂಡಿಯಾ’ ಇದೇ ಕೆಲಸವನ್ನು ಇಡೀ ದೇಶಕ್ಕೆ ಮಾಡಿತು. ಆ ಮುಖಗಳು ಯಾರದೋ ಅಣ್ಣನವು, ಯಾರದೋ ಅಜ್ಜಿಯವು. ಆದರೆ ಪುಸ್ತಕಕ್ಕೆ ಬೇಕಾಗಿದ್ದದ್ದು ನಮೂನೆಗಳು. ಈಗ ಅವರ ಮರಿಮಕ್ಕಳು ಆ ಪುಟ ತಿರುವಿದರೂ ತಮ್ಮವರನ್ನು ಗುರುತಿಸಲಾರರು.

ಹೆಸರಿರುವ ಮುಖಗಳು ಬಂದದ್ದು ಸ್ಟುಡಿಯೋಗಳಿಂದ. 1896ರಲ್ಲಿ ರಾಜಾ ದೀನ್ ದಯಾಳ್ ಮುಂಬಯಿಯಲ್ಲಿ ಸ್ಟುಡಿಯೋ ತೆರೆಯುವಷ್ಟರಲ್ಲಿ ಉಳ್ಳವರಿಗೆ ಇದು ರೂಢಿಯಾಗಿತ್ತು. ಬಣ್ಣ ಬಳಿದ ಪರದೆ, ಕೆತ್ತನೆಯ ಕುರ್ಚಿ, ಹೂದಾನಿ, ಮೇಜಿನ ಮೇಲೊಂದು ದಪ್ಪ ಪುಸ್ತಕ. ಹಳೆಯ ತಟ್ಟೆಗಳಿಗೆ ಹೆಚ್ಚು ಹೊತ್ತು ಬೆಳಕು ಬೇಕಿದ್ದುದರಿಂದ ಅಲ್ಲಾಡದೆ ಕೂರಬೇಕಿತ್ತು. ತಂತ್ರ ಸುಧಾರಿಸಿ ಅಷ್ಟು ಹೊತ್ತು ಬೇಡವಾದ ಮೇಲೂ ಆ ಬಿಗಿತ ಹೋಗಲಿಲ್ಲ. ಫೋಟೋ ಎಂದರೆ ಹೀಗೆ ಕೂರಬೇಕು ಎಂದು ಜನ ಅಷ್ಟರಲ್ಲಿ ಕಲಿತುಬಿಟ್ಟಿದ್ದರು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಕನ್ನಡದ ಮನೆಗಳ ಗೋಡೆಯ ಮೇಲಿನ ಅಜ್ಜ ಅಜ್ಜಿಯರು ನಗದೇ ಇರುವುದಕ್ಕೆ ಅವರ ಸ್ವಭಾವ ಕಾರಣವಲ್ಲ.

ಮನೆಯೊಳಗಿನ ನಗು ಫೋಟೋಕ್ಕೆ ಬರಬೇಕಾದರೆ ಕ್ಯಾಮರಾ ಮನೆಯವರ ಕೈಗೇ ಬರಬೇಕಿತ್ತು. 1888ರಲ್ಲಿ ಕೊಡಕ್, 1900ರಲ್ಲಿ ಒಂದು ಡಾಲರಿನ ಬ್ರೌನಿ — ಅಮೆರಿಕದ ಮಟ್ಟಿಗೆ ಈ ಎರಡು ಡಬ್ಬಿಗಳು ಅದನ್ನು ಸಾಧಿಸಿದವು. ಭಾರತದಲ್ಲಿ ಮೊದಲು ಈ ಭಾಗ್ಯ ಸಿಕ್ಕಿದ್ದು ಹಣವೂ ಬಿಡುವೂ ಇದ್ದವರಿಗೆ. ಅದರಲ್ಲಿ ಮರೆಯಲಾಗದ ಹೆಸರು ಉಮ್ರಾವ್ ಸಿಂಗ್ ಶೇರ್‌ಗಿಲ್. ಸಂಸ್ಕೃತ, ಪರ್ಷಿಯನ್ ಬಲ್ಲ ವಿದ್ವಾಂಸ. ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ. ಬುಡಾಪೆಸ್ಟ್, ಶಿಮ್ಲಾ, ಪ್ಯಾರಿಸ್ — ಎಲ್ಲಿದ್ದರೂ ಹೆಂಡತಿಯನ್ನು, ಇಬ್ಬರು ಹೆಣ್ಣುಮಕ್ಕಳನ್ನು, ತಮ್ಮನ್ನೇ ಅವರು ದಶಕಗಟ್ಟಲೆ ತೆಗೆಯುತ್ತಾ ಹೋದರು. ಯಾವ ಪ್ರದರ್ಶನಕ್ಕೂ ಅಲ್ಲ, ಮನೆಗೆ. 1954ರಲ್ಲಿ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಮೊಮ್ಮಗ, ಕಲಾವಿದ ವಿವಾನ್ ಸುಂದರಂ ಆ ಚಿತ್ರಗಳಿಂದ ಹೊಸ ಕೃತಿಗಳನ್ನು ಕಟ್ಟಿದಾಗ ಜಗತ್ತು ಅವನ್ನು ಕಣ್ಣಿಟ್ಟು ನೋಡಿತು. ಅಮೃತಾ ಎಂಬ ಕಲಾವಿದೆ ಬಿಟ್ಟುಹೋದ ಸ್ವಂತ ಚಿತ್ರಗಳಿವೆ. ಅಮೃತಾ ಎಂಬ ಮಗಳು ಇರುವುದು ಅಪ್ಪನ ಫೋಟೋಗಳಲ್ಲಿ.

ಮುಂಬಯಿಯಲ್ಲೇ ಇನ್ನೊಬ್ಬರಿದ್ದರು. ಕಾಶಿಯ ಬಳಿಯ ರಾಮನಗರದಲ್ಲಿ ಬೆಳೆದ ಅವಳಿ ಸಹೋದರಿಯರಿಗೆ ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ಒಂದೊಂದು ಕ್ಯಾಮರಾ ಕೊಡಿಸಿದರು. ಅವರಲ್ಲಿ ಮನೋಬಿನಾ ಮುಂದೆ ಸಿನಿಮಾ ನಿರ್ದೇಶಕ ಬಿಮಲ್ ರಾಯ್ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದರು. ಮನೆ, ಮಕ್ಕಳು, ಬಂದುಹೋಗುವವರ ನಡುವೆಯೇ ಅವರ ಕ್ಯಾಮರಾ ಕೆಲಸ ಮಾಡಿತು. ಅವಳಿ ತಂಗಿ ದೇಬಲೀನಾ ಕಲ್ಕತ್ತೆಯಲ್ಲಿ ಅದನ್ನೇ ಮಾಡಿದರು. ಗಂಡನ ಹೆಸರು ಭಾರತದ ಸಿನಿಮಾ ಚರಿತ್ರೆಯ ಮೊದಲ ಪುಟಗಳಲ್ಲಿದ್ದರೆ, ಹೆಂಡತಿಯ ಚಿತ್ರಗಳು ಬಹುಕಾಲ ಮನೆಯ ಪೆಟ್ಟಿಗೆಯಲ್ಲಿದ್ದವು.

ಕನ್ನಡದಿಂದ ಈ ಸಾಲಿಗೆ ಸೇರುವವರು ಟಿ. ಎಸ್. ಸತ್ಯನ್. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸತ್ಯನ್ 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಸೇರಿದರು. ಆಮೇಲೆ ಮುಂಬಯಿಯ ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಯಲ್ಲೂ ದುಡಿದರು. ದೊಡ್ಡವರನ್ನೂ ದೊಡ್ಡ ಘಟನೆಗಳನ್ನೂ ತೆಗೆದವರು. 1961ರ ಗೋವಾ ವಿಮೋಚನೆಗೂ ಅವರ ಕ್ಯಾಮರಾ ಸಾಕ್ಷಿ. ಆದರೂ ಅವರ ಹೆಸರು ಹೇಳಿದಾಗ ಕಣ್ಣೆದುರು ಬರುವುದು ಬೀದಿಯ ಮಕ್ಕಳು, ಶಾಲೆಯ ಮಕ್ಕಳು, ಕೆಲಸದಲ್ಲಿ ಮುಳುಗಿದ ಸಾಮಾನ್ಯರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೋಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಏನೂ ನಡೆಯದ ಹೊತ್ತೇ ನೋಡತಕ್ಕ ಹೊತ್ತು ಎಂಬುದನ್ನು ಕನ್ನಡಿಗರಿಗೆ ಅವರಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ. ಆದರೆ ಸತ್ಯನ್ ಒಬ್ಬರೇ. ಅವರು ಪ್ರತಿ ಮನೆಯ ಅಡುಗೆಮನೆಗೂ ಬರಲಾರರು.

ದಹಿಸರಿನ ಮನೆಗಳಿಗೆ ಕ್ಯಾಮರಾ ಹೇಗೆ ಬಂತು ಎನ್ನುವುದಕ್ಕೆ ಆ ಜನ ದಹಿಸರಿಗೆ ಹೇಗೆ ಬಂದರು ಎನ್ನುವುದರಿಂದಲೇ ಶುರುಮಾಡಬೇಕು. ವಿದ್ಯುತ್ ರೈಲು 1928ರಲ್ಲಿ ಬೊರಿವಲಿಯವರೆಗೆ ಬಂದು, 1936ರಲ್ಲಿ ದಹಿಸರನ್ನು ದಾಟಿ ವಿರಾರ್ ಮುಟ್ಟಿತು. 1957ರಲ್ಲಿ ಬೃಹನ್ಮುಂಬಯಿಯ ಗಡಿಯನ್ನು ಹಿಗ್ಗಿಸಿದಾಗ ದಹಿಸರ್ ನಗರದ ಉತ್ತರದ ಕೊನೆಯಾಯಿತು. ಈಗಲೂ ಅದು ಕೊನೆಯೇ: ಚೆಕ್‌ನಾಕಾ ದಾಟಿದರೆ ಬೇರೆ ಮಹಾನಗರಪಾಲಿಕೆ. ಕನ್ನಡಿಗರ ಹಳೆಯ ನೆಲೆಗಳು ಕೋಟೆ, ಪರೇಲ್, ದಾದರ್, ಮಾಟುಂಗಾ. ಕೋಟೆಯ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋದ ಹುಡುಗರು, ಗುಮಾಸ್ತರಾಗಿ, ಹೋಟೆಲಿನಲ್ಲಿ ಪಾಲುದಾರರಾಗಿ, ಮದುವೆಯಾಗಿ ಮನೆ ಹುಡುಕುವ ಹೊತ್ತಿಗೆ ನಗರದ ಒಳಗೆ ಜಾಗ ಕೈಗೆಟಕುವಂತಿರಲಿಲ್ಲ. ಲೋಕಲ್ ಗಾಡಿಯ ಹಳಿ ಹಿಡಿದು ಅವರು ಉತ್ತರಕ್ಕೆ ಸರಿದರು. ಅಂಧೇರಿ, ಗೋರೆಗಾಂವ್, ಮಲಾಡ್, ಕಾಂದಿವಲಿ, ಬೊರಿವಲಿ, ದಹಿಸರ್. ತಡವಾಗಿ ಬಂದಷ್ಟೂ ದೂರದ ಸ್ಟೇಷನ್ನು.

ಹೋಟೆಲಿನಲ್ಲೇ ಉಂಡು, ಹೋಟೆಲಿನಲ್ಲೇ ಮಲಗುತ್ತಿದ್ದ ಹುಡುಗನಿಗೆ ಮನೆಯೇ ಇರಲಿಲ್ಲ. ಮನೆಯ ಫೋಟೋ ಎಲ್ಲಿಂದ? ಅವನು ಊರಿಗೆ ಕಳಿಸುತ್ತಿದ್ದದ್ದು ಸ್ಟುಡಿಯೋದ ಫೋಟೋ, ಇಲ್ಲವೆ ಗೇಟ್‌ವೇ ಆಫ್ ಇಂಡಿಯಾದ ಎದುರು ಅಲ್ಲಿಯ ಫೋಟೋಗ್ರಾಫರನಿಂದ ತೆಗೆಸಿಕೊಂಡದ್ದು. ಸ್ಟುಡಿಯೋದವನೇ ಕೋಟು ಕೊಡುತ್ತಿದ್ದ, ಬಾಚಣಿಗೆ ಕೊಡುತ್ತಿದ್ದ. ಊರಿನಲ್ಲಿ ಅಂಚೆಯವನು ತಂದ ಲಕೋಟೆಯಿಂದ ಹೊರಬಂದ ಮಗ ಕೋಟು ತೊಟ್ಟ ಸಾಹೇಬ. ಆ ಫೋಟೋ ಸುಳ್ಳು ಹೇಳುತ್ತಿತ್ತು ಎನ್ನುವುದು ಸುಲಭ. ಅದು ತಾಯಿಗೆ ಧೈರ್ಯ ಹೇಳುತ್ತಿತ್ತು. ಮನಿಆರ್ಡರಿನ ಜೊತೆಗೆ ಹೋಗುವ ಇನ್ನೊಂದು ಮನಿಆರ್ಡರು ಅದು. ಆದರೆ ಸೋಡಾನೀರು ತಿಂದ ಅವನ ಬೆರಳುಗಳು, ಹೋಟೆಲಿನ ಹಿಂಬದಿಯ ಮೋರಿ, ಸಾಲಾಗಿ ಹಾಸಿದ ಚಾಪೆಗಳು, ಜೊತೆಗೆ ಮಲಗುತ್ತಿದ್ದ ನಾಲ್ಕು ಜನ — ಇವು ಯಾವ ಫೋಟೋದಲ್ಲೂ ಬರಲಿಲ್ಲ. ಮುಂಬಯಿ ಕನ್ನಡಿಗರ ಬದುಕಿನ ತಳಪಾಯವೇ ಅದು. ಅದರ ಬಗ್ಗೆ ಕತೆಗಳಿವೆ, ಆತ್ಮಕತೆಗಳಿವೆ. ಫೋಟೋ ಮಾತ್ರ ಬೆರಳೆಣಿಕೆಯಷ್ಟು.

ಇನ್ನೂ ಬಡವರ ಕತೆ ಇನ್ನೂ ವಿಚಿತ್ರ. 1976ರ ಜನವರಿಯಲ್ಲಿ ಸರ್ಕಾರ ಮುಂಬಯಿಯ ಝೋಪಡಿಗಳನ್ನು ಎಣಿಸಿತು. ಎಣಿಕೆಯಲ್ಲಿ ಸಿಕ್ಕವರಿಗೆ ಫೋಟೋಪಾಸ್ ಎಂಬ ಗುರುತಿನ ಚೀಟಿ ಕೊಟ್ಟಿತು. ಮುಂದೆ ಗುಡಿಸಲು ಒಡೆಯಲು ಬಂದಾಗ, ಬದಲಿ ಜಾಗದ ಮಾತು ಬಂದಾಗ, ತೋರಿಸಬೇಕಾದ ಕಾಗದ ಅದು. ನಗರದ ಅಂಚಿನ ವಸತಿಗಳಲ್ಲಿ, ಕಲ್ಲು ಮಣ್ಣು ಹೊರಲು ಕಲಬುರಗಿ, ವಿಜಯಪುರಗಳಿಂದ ಬಂದು ನೆಲೆಸಿದವರೂ ಸೇರಿದಂತೆ, ಸರ್ಕಾರ ಅಂಟಿಸಿದ ಫೋಟೋ ಬಿಟ್ಟರೆ ಬೇರೆ ಫೋಟೋ ಇಲ್ಲದ ಮನೆಗಳಿದ್ದವು. 1993ರ ನಂತರ ಮತದಾರರ ಚೀಟಿಯ ಫೋಟೋ ಅದಕ್ಕೆ ಜೊತೆಯಾಯಿತು. ಅಪ್ಪ ಸತ್ತಾಗ ಹಾರ ಹಾಕಲು ಫೋಟೋ ಬೇಕು; ಇಂಥ ಚೀಟಿಯಲ್ಲಿನ ಉಗುರಗಲದ ಮುಖವನ್ನೇ ಸ್ಟುಡಿಯೋಕ್ಕೆ ಒಯ್ದು ದೊಡ್ಡದು ಮಾಡಿಸುವುದು. ದೊಡ್ಡದಾದಷ್ಟೂ ಕಾಳುಕಾಳಾಗುವ ಆ ಮುಖದಲ್ಲಿ ಕಣ್ಣು ಮಾತ್ರ ನೇರ ನೋಡುತ್ತಿರುತ್ತದೆ, ಕಚೇರಿಯವನು ಹೇಳಿದಂತೆ. ಜಾನ್ಸನ್ನನ ಕಾಲದಿಂದ ನೂರು ವರ್ಷ ದಾಟಿದ ಮೇಲೂ ಈ ಜನರನ್ನು ನೋಡಿದ ಕ್ಯಾಮರಾ ಅವರನ್ನು ಲೆಕ್ಕಕ್ಕೆ ಹಿಡಿಯುವ ಕ್ಯಾಮರಾವೇ ಆಗಿತ್ತು. ಈ ಸಲ ಹೆಸರು ಬರೆದುಕೊಂಡಿತು, ಅಷ್ಟೇ ವ್ಯತ್ಯಾಸ.

ಖೋಲಿಯೋ ಸಣ್ಣ ಫ್ಲ್ಯಾಟೋ ಮಾಡಿಕೊಂಡವರ ಮನೆಗೆ ಕ್ಯಾಮರಾ ಬಂದದ್ದು ಆಗ್ಫಾ ಕ್ಲಿಕ್ ಮೂರರ ರೂಪದಲ್ಲಿ. ಭಾರತದಲ್ಲೇ ತಯಾರಾಗುತ್ತಿದ್ದ ಈ ಕಪ್ಪು ಡಬ್ಬಿಗೆ ಹಾಕುವ ರೀಲಿನಲ್ಲಿ ಚೌಕಾಕಾರದ ಹನ್ನೆರಡು ಫೋಟೋ. ಫಿಲ್ಮಿನ ಮಟ್ಟಿಗೂ ದೇಶ ಸ್ವಂತ ಕಾಲ ಮೇಲೆ ನಿಲ್ಲಲು ಹೊರಟಿತ್ತು: 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ಸ್ಥಾಪನೆಯಾಯಿತು. ಅಲ್ಲಿಂದ ಬಂದ ಫಿಲ್ಮಿನ ಹೆಸರು ‘ಇಂದು’. ಹೆಸರಿಟ್ಟವರ ಮನಸ್ಸಿನಲ್ಲಿ ಚಂದ್ರನಿದ್ದಿರಬೇಕು; ಕನ್ನಡ ಬಲ್ಲವರಿಗೆ ಅದು ‘ಈ ದಿನ’ ಎಂದೂ ಕೇಳಿಸುತ್ತದೆ, ಫಿಲ್ಮಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಾರದು. 1980ರ ದಶಕದಲ್ಲಿ ಹಾಟ್‌ಶಾಟ್ ಬಂತು, ಟಿವಿಯ ಜಾಹೀರಾತಿನಲ್ಲಿ ‘ಖಟಾಕ್’ ಎನ್ನುತ್ತಾ. ಗಲ್ಫಿಗೆ ಹೋದ ಭಾವನೋ ತಮ್ಮನೋ ತಂದ ಜಪಾನಿ ಕ್ಯಾಮರಾ ಬಂತು. ಅದರಲ್ಲಿ ಮೂವತ್ತಾರು ಫೋಟೋ, ಹುಷಾರಾಗಿ ಸುತ್ತಿದರೆ ಮೂವತ್ತೇಳು.

ಇಲ್ಲಿ ಲೆಕ್ಕಾಚಾರ ಶುರು. ರೀಲಿಗೆ ದುಡ್ಡು, ತೊಳೆಸಲು ದುಡ್ಡು, ಒಂದೊಂದು ಪ್ರಿಂಟಿಗೂ ದುಡ್ಡು. ಹಾಗಾಗಿ ಕ್ಯಾಮರಾ ಹೊರಬರುವುದು ಗಣಪತಿಗೆ, ದೀಪಾವಳಿಗೆ, ಮಗುವಿನ ಹುಟ್ಟುಹಬ್ಬಕ್ಕೆ, ಮೇ ತಿಂಗಳ ಊರಿನ ಪ್ರವಾಸಕ್ಕೆ. ಒಂದೇ ರೀಲಿನಲ್ಲಿ ಎರಡು ಹಬ್ಬ, ಒಂದು ಮುಂಜಿ ಆಗಿಹೋಗುತ್ತಿದ್ದುದುಂಟು. ಆದರೆ ಆ ರೀಲಿನ ಒಂದು ಗುಣ ಈಗಿನವರಿಗೆ ಬಿಡಿಸಿ ಹೇಳಬೇಕು. ಅರ್ಧ ಮುಗಿದ ರೀಲನ್ನು ತೊಳೆಸುವುದೆಂದರೆ ಉಳಿದರ್ಧವನ್ನು ಹಾಳುಮಾಡಿದಂತೆ. ಮುಂಜಿಯ ಫೋಟೋ ನೋಡುವ ಆತುರ, ರೀಲಿನಲ್ಲಿ ಇನ್ನೂ ಮೂರು ಬಾಕಿ. ಹಾಳುಮಾಡಲು ಮನಸ್ಸಿಲ್ಲ, ಕಾಯಲು ತಾಳ್ಮೆಯಿಲ್ಲ. ಆಗ ಮನೆಯವರು ಕ್ಯಾಮರಾ ಹಿಡಿದು ಸುತ್ತಮುತ್ತ ನೋಡುತ್ತಿದ್ದರು: ಯಾವುದನ್ನಾದರೂ ತೆಗೆದು ಮುಗಿಸೋಣ.

ಆ ‘ಯಾವುದಾದರೂ’ ಎಂಬುದೇ ಇವತ್ತು ಆಲ್ಬಮ್ಮಿನ ಅತ್ಯಂತ ಬೆಲೆಯುಳ್ಳ ಪುಟ. ರೀಲಿನ ಕೊನೆಯ ಎರಡು ಮೂರು ಫೋಟೋಗಳಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ಬಟ್ಟೆ ಹಿಂಡುತ್ತಾಳೆ. ಅಜ್ಜಿ ಗ್ಯಾಲರಿಯಲ್ಲಿ ಕಾಲು ಚಾಚಿ ಹೂಬತ್ತಿ ಹೊಸೆಯುತ್ತಾಳೆ. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ಹೊತ್ತಿನಲ್ಲಿ ಚಾಪೆಯ ಮೇಲೆ ಬಾಯಿ ತೆರೆದು ಮಲಗಿದ್ದಾನೆ. ‘ಈಗ ಬೇಡ ಮಾರಾಯ, ಸೀರೆ ನೋಡು ಹೇಗುಂಟು’ ಎಂದು ಕೈ ಅಡ್ಡ ಹಿಡಿದ ಅಮ್ಮನ ಅಂಗೈಯೇ ಅರ್ಧ ಫೋಟೋ ತುಂಬಿರುತ್ತದೆ. ರೀಲು ಮುಗಿಯಿತು, ಕರ್‌ರ್ ಎಂದು ಹಿಂದಕ್ಕೆ ಸುತ್ತಿಕೊಂಡಿತು, ಸ್ಟೇಷನ್ ಎದುರಿನ ಲ್ಯಾಬಿಗೆ ಹೋಯಿತು. ಪ್ರಿಂಟುಗಳು ಬಂದ ದಿನ ಮುಂಜಿಯ ಫೋಟೋ ಕೈಯಿಂದ ಕೈಗೆ ಹೋದವು. ಕೊನೆಯ ಮೂರನ್ನು ‘ಇವು ಸುಮ್ಮನೆ’ ಎಂದು ಪಕ್ಕಕ್ಕಿಟ್ಟರು.

ಈ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ: ಬಹುತೇಕ ಎಲ್ಲವೂ ಹೊಸ್ತಿಲಿನಲ್ಲಿ, ಗ್ಯಾಲರಿಯಲ್ಲಿ, ಕಿಟಕಿಯ ಬಳಿ. ಅದು ಅಭಿರುಚಿಯಲ್ಲ, ಬೆಳಕಿನ ಅನಿವಾರ್ಯ. ಆ ಕ್ಯಾಮರಾ ಆ ಫಿಲ್ಮಿಗೆ ಚಾಳಿನ ಅಡುಗೆಯ ಮೂಲೆ ಕತ್ತಲೆಯೇ. ಫ್ಲ್ಯಾಶ್ ಇಲ್ಲದೆ ಅಲ್ಲಿ ಏನೂ ಮೂಡುತ್ತಿರಲಿಲ್ಲ. ಆದ್ದರಿಂದಲೇ ದಿನದ ಹತ್ತು ಹನ್ನೆರಡು ಗಂಟೆ ಒಲೆಯ ಮುಂದೆ ಕಳೆದ ಹೆಂಗಸು ಒಲೆಯ ಮುಂದೆ ಇರುವ ಫೋಟೋ ಇಲ್ಲ. ಅವಳು ಕೈಯೊರೆಸಿಕೊಳ್ಳುತ್ತಾ ಬೆಳಕಿಗೆ ಬಂದ ಫೋಟೋ ಇದೆ. ಅವಳ ಬದುಕು ಕಳೆದ ಜಾಗ ಅವಳ ಬೆನ್ನಿನ ಹಿಂದೆ, ಬಾಗಿಲಿನಾಚೆ, ಒಂದು ಕಪ್ಪು ಚೌಕವಾಗಿ ಉಳಿದಿದೆ.

ಆದರೂ ಆ ಅಂಚಿನಲ್ಲೇ ಎಷ್ಟೊಂದು ಸಿಕ್ಕಿಬೀಳುತ್ತದೆ! ಮುಂಜಿಯ ಫೋಟೋದಲ್ಲಿ ಕಾಣುವುದು ಬಾಡಿಗೆಯ ಹಾಲು, ಬಾಡಿಗೆಯ ಕುರ್ಚಿ. ‘ಸುಮ್ಮನೆ’ ಫೋಟೋದಲ್ಲಿ ಆರೆ ಹಾಲಿನ ಗಾಜಿನ ಬಾಟಲಿ ಇದೆ, ಸೀಮೆಎಣ್ಣೆಯ ಸ್ಟೋವಿದೆ, ನಲ್ಲಿ ಬರುವ ಹೊತ್ತಿಗೆ ಸಾಲು ಇಟ್ಟ ಕೊಡಗಳಿವೆ. ಗೋಡೆಯ ಮೇಲೆ 1973ರಲ್ಲಿ ಶುರುವಾದ ‘ಕಾಲನಿರ್ಣಯ’ ಪಂಚಾಂಗವೋ ಊರಿನ ಅಂಗಡಿಯ ಕ್ಯಾಲೆಂಡರೋ ನೇತಾಡುತ್ತಿದ್ದರೆ ವರ್ಷ, ತಿಂಗಳು ಎರಡೂ ಸಿಕ್ಕವು. ನೆರಳಿನ ಉದ್ದ ನೋಡಿದರೆ ಹೊತ್ತೂ ಸಿಕ್ಕಿತು. ಯಾವ ಬಿಲ್ಲು, ಯಾವ ದಸ್ತಾವೇಜೂ ಕೊಡದ ಸಾಕ್ಷ್ಯ ಅದು. ಇನ್ನೊಂದು ವಿಪರ್ಯಾಸವೂ ಇದೆ. ಹಳೆಯ ಕಪ್ಪುಬಿಳುಪು ಬಿಂಬ ಬೆಳ್ಳಿಯದು, ಅದು ಗಟ್ಟಿ. ಎಪ್ಪತ್ತು ಎಂಬತ್ತರ ದಶಕದ ಬಣ್ಣದ ಪ್ರಿಂಟುಗಳಲ್ಲಿ ನೀಲಿಹಸಿರು ಬಣ್ಣ ಮೊದಲು ಸೋತು, ಇಡೀ ಚಿತ್ರ ಕೆಂಪಡರುತ್ತಾ ಹೋಗುತ್ತದೆ. ದುಡ್ಡು ಜಾಸ್ತಿ ಕೊಟ್ಟು ತೆಗೆಸಿದ ಬಣ್ಣದ ಮದುವೆಗಿಂತ ಕ್ಲಿಕ್ ಮೂರರ ಕಪ್ಪುಬಿಳುಪಿನ ಅಜ್ಜಿಯೇ ಇವತ್ತು ಸ್ಪಷ್ಟ.

ಇಂಥ ಫೋಟೋದ ಬೆಲೆ ಹೊರಗಿನವರಿಗೆ ತಿಳಿಯುವುದು ಕಷ್ಟ ಎಂಬುದಕ್ಕೆ ದೂರದ ಒಂದು ಸಾಕ್ಷಿ ಇದೆ. ಫ್ರಾನ್ಸಿನ ಚಿಂತಕ ರೋಲಾಂ ಬಾರ್ತ್ 1977ರಲ್ಲಿ ತಾಯಿಯನ್ನು ಕಳೆದುಕೊಂಡ. ಅವಳ ಫೋಟೋಗಳನ್ನೆಲ್ಲ ತಡಕಾಡಿದಾಗ ಅವನಿಗೆ ಅವಳು ಸಿಕ್ಕಿದ್ದು 1898ರ ಒಂದು ಹಳೆಯ ಚಿತ್ರದಲ್ಲಿ. ಅದರಲ್ಲಿ ಅವಳಿಗೆ ಐದು ವರ್ಷ. ಫೋಟೋಗ್ರಫಿಯ ಬಗ್ಗೆ 1980ರಲ್ಲಿ ಅವನು ಬರೆದ ಪುಸ್ತಕ ನಿಂತಿರುವುದೇ ಆ ಚಿತ್ರದ ಮೇಲೆ. ಆದರೆ ಪುಸ್ತಕದಲ್ಲಿ ಆ ಚಿತ್ರವೇ ಇಲ್ಲ. ಉಳಿದವರಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಫೋಟೋ ಎಂಬುದು ಅವನಿಗೆ ಗೊತ್ತಿತ್ತು. ಇದಕ್ಕೆ ಇನ್ನೊಂದು ದಾರಿಯೂ ಇದೆ: ಫೋಟೋದ ಜೊತೆಗೆ ಅದರ ಕತೆಯನ್ನೂ ಇಡುವುದು. 2010ರಲ್ಲಿ ಮುಂಬಯಿಯ ಅನುಷಾ ಯಾದವ್ ಶುರುಮಾಡಿದ ‘ಇಂಡಿಯನ್ ಮೆಮೊರಿ ಪ್ರಾಜೆಕ್ಟ್’ ಮಾಡುತ್ತಿರುವುದು ಅದನ್ನೇ. ಮನೆಗಳ ಹಳೆಯ ಫೋಟೋ, ಅದರಲ್ಲಿರುವವರು ಯಾರು, ಯಾವಾಗ, ಎಲ್ಲಿ ಎಂಬ ವಿವರದ ಸಮೇತ. ವಿವರವಿಲ್ಲದ ಅಜ್ಜಿಯನ್ನು ಮೂರನೆಯ ತಲೆಮಾರು ಮತ್ತೆ ಜಾನ್ಸನ್ನನ ಪುಸ್ತಕದವಳಂತೆಯೇ ನೋಡುತ್ತದೆ: ಯಾವುದೋ ಕಾಲದ, ಯಾವುದೋ ಸೀರೆಯ ಒಬ್ಬ ಹೆಂಗಸು.

ಈಗ ರೀಲಿಲ್ಲ, ಆದ್ದರಿಂದ ರೀಲು ಮುಗಿಸುವ ಪ್ರಶ್ನೆಯೂ ಇಲ್ಲ. 2022ರ ಏಪ್ರಿಲ್‌ನಲ್ಲಿ ದಹಿಸರಿಗೆ ಮೆಟ್ರೋ ಬಂದಾಗ ಅದರೊಳಗಿದ್ದ ಹೆಚ್ಚುಕಡಿಮೆ ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮರಾ ಇತ್ತು. ಅಡುಗೆಯ ಮೂಲೆಯ ಕತ್ತಲೆಯಲ್ಲೂ ಮೂಡುವ ಕ್ಯಾಮರಾ. ಒಂದು ಲೆಕ್ಕಕ್ಕೆ ಇದು ಸತ್ಯನ್ ಪ್ರತಿ ಮನೆಗೂ ಬಂದಂತೆ. ಆದರೆ ಮನೆಯವರು ಅದನ್ನು ತಿರುಗಿಸುತ್ತಿರುವುದು ತಮ್ಮ ಕಡೆಗೆ, ತಟ್ಟೆಯ ಕಡೆಗೆ, ಹಬ್ಬದ ಕಡೆಗೆ. ಹಬ್ಬದ ಫೋಟೋ ಮೂವತ್ತಾರರಿಂದ ಮುನ್ನೂರಾಗಿದೆ. ತಟ್ಟೆಗೆ ಬಡಿಸಿದವಳು ಈಗಲೂ ಚೌಕಟ್ಟಿನಾಚೆ. ತೆಗೆದವು ಎಲ್ಲಿವೆ ಎಂದರೆ ಫೋನಿನಲ್ಲಿ. ಫೋನು ಕೆಟ್ಟರೆ ಗೂಗಲ್ಲಿನಲ್ಲಿ. 2021ರ ಜೂನ್ 1ರಿಂದ ಗೂಗಲ್ ಕೂಡ ಫೋಟೋಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಉಚಿತ ಜಾಗವನ್ನು ನಿಲ್ಲಿಸಿತು. ಜಾಗ ತುಂಬಿದಾಗ ಜನ ಮೊದಲು ಅಳಿಸುವುದು ಯಾವುದನ್ನು ಎಂದು ಕೇಳುವುದೇ ಬೇಡ: ‘ಇವು ಸುಮ್ಮನೆ’ 

ಎನ್ನಿಸಿಕೊಂಡವನ್ನೇ. ಪಾಸ್‌ವರ್ಡ್ ಗೊತ್ತಿದ್ದವರು ತೀರಿಕೊಂಡರೆ ಇಡೀ ಆಲ್ಬಮ್ಮೇ ಬೀಗ ಹಾಕಿದ ಪೆಟ್ಟಿಗೆ.

ದಹಿಸರಿನಲ್ಲಿ ಈ ಕೆಲಸಕ್ಕೆ ಗಡುವೂ ಬಿದ್ದಿದೆ. ಹಳೆಯ ಚಾಳುಗಳು, ನಾಲ್ಕು ಮಹಡಿಯ ಸೊಸೈಟಿಗಳು ಒಂದೊಂದಾಗಿ ರಿಡೆವಲಪ್‌ಮೆಂಟಿಗೆ ಹೋಗುತ್ತಿವೆ. ಮನೆ ಖಾಲಿ ಮಾಡುವ ವಾರದಲ್ಲಿ ಮಾಳಿಗೆಯ ಪೆಟ್ಟಿಗೆಗಳು ಕೆಳಗಿಳಿಯುತ್ತವೆ, ಆಲ್ಬಮ್ಮುಗಳು ಹೊರಬರುತ್ತವೆ. ಮದುವೆಯ ಪುಟಗಳು ಬೇಗ ಮುಗಿಯುತ್ತವೆ, ಅಲ್ಲಿಯ ಮುಖಗಳೆಲ್ಲ ಗೊತ್ತಿರುವವೇ. ಕೈ ನಿಲ್ಲುವುದು ಗ್ಯಾಲರಿಯಲ್ಲಿ ತೆಗೆದ ಆ ಮೂರು ಫೋಟೋಗಳಲ್ಲಿ. ಅಮ್ಮನ ಪಕ್ಕದಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಗುತ್ತಿರುವ ಇನ್ನೊಬ್ಬ ಹೆಂಗಸು ಯಾರು? ಮಕ್ಕಳಿಗೆ ಗೊತ್ತಿಲ್ಲ, ಸೊಸೆಗೆ ಗೊತ್ತಿಲ್ಲ. ಒಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಅವರಿಗೆ ಎಂಬತ್ತು ದಾಟಿರುತ್ತದೆ. ಕನ್ನಡಕ ತಂದುಕೊಟ್ಟು, ಬೆಳಕಿನ ಕಡೆ ಕುರ್ಚಿ ತಿರುಗಿಸಬೇಕು. ‘ಎದುರು ಖೋಲಿಯವಳು. ಇವ ಹುಟ್ಟಿದಾಗ ಎಂಟು ದಿನ ನಮಗೆಲ್ಲ ಅನ್ನ ಹಾಕಿದವಳು. ಸೊಂಟದ ಮೇಲಿರುವುದು ಅವಳ ಮಗುವಲ್ಲ, ಇವನೇ.’ ಫೋಟೋದ ಹಿಂದೆ ಬರೆಯಲು ಮೆತ್ತನೆಯ ಪೆನ್ಸಿಲು ಒಳ್ಳೆಯದು. ಪೆನ್ನಿನ ಶಾಯಿ ಮುಂಬಯಿಯ ತೇವಕ್ಕೆ ಹರಡುತ್ತದೆ.